ಬದಲಿಗೆ ಬಂದವಳು

ಫೆಬ್ರವರಿ ೯

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು. ಕಾಲೇಜಿನ ಲೈಬ್ರರಿಯಲ್ಲಿ, ನನ್ನ ಕೌಂಟರಿನ ಹಿಂದೆಯೇ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡುವುದಕ್ಕೇನಾಗಿತ್ತು ಎಂದು ನೀನು ಬೈಯುತ್ತೀಯ. ಮನೆಯಲ್ಲಿ ನಾನು ಫೋನ್ ಮುಟ್ಟಿದರೆ ಸಾಕು, ಇವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಯಾರಿಗೆ ವರದಿ ಒಪ್ಪಿಸ್ತಾ ಇದೀರಿ?" ಎನ್ನುತ್ತಾರೆ. ಇಲ್ಲಿಂದ ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತದೆ. ಪುಸ್ತಕ ವಾಪಸು ಕೊಡಲು ಬಂದವರ ಎದುರು ಅದು ಬೇಡ.

ನವೆಂಬರಿನಿಂದ ಇವರಿಗೆ ನಿದ್ದೆ ಸರಿಯಿರಲಿಲ್ಲ. ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ, ಕಣ್ಣಿಗೆ ಆಯಾಸ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಹನ್ನೊಂದು ದಿನದ ಹಿಂದೆ ಸಂಜೆ ಅಂಗಡಿಯಿಂದ ಬಂದರು. ಬಾಗಿಲು ತೆಗೆದೆ. ಹೊಸಿಲಿನ ಆಚೆಯೇ ನಿಂತು ನನ್ನ ಮುಖ ನೋಡಿ, "ನೀವು ಯಾರು?" ಎಂದರು.

ನಾನು ನಕ್ಕುಬಿಟ್ಟೆ. "ನಿಮ್ಮ ಹೆಂಡ್ತಿ. ಮರ್ತ್ಹೋಯ್ತಾ?"

"ಮುಖ ಅವಳದ್ದೇ. ಬಟ್ಟೆನೂ ಅವಳದ್ದೇ. ಯಾರೋ ಅಚ್ಚುಕಟ್ಟಾಗಿ ಕೆಲಸ ಮಾಡಿದಾರೆ. ಆದ್ರೆ ನೀವು ಅವಳಲ್ಲ. ಅವಳೆಲ್ಲಿದಾಳೆ?"

ತಮಾಷೆಯಲ್ಲ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ನನ್ನನ್ನು ಎಲ್ಲೋ ಕೂಡಿಹಾಕಿ, ನನ್ನ ಬದಲಿಗೆ ಈ ನನ್ನನ್ನು ಕಳಿಸಿದ್ದಾರಂತೆ. ಯಾರು, ಯಾಕೆ ಎಂದು ಕೇಳಿದರೆ ಅದು ಅವರಿಗೂ ಗೊತ್ತಿಲ್ಲ. ಕಿರುಚಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ಇವರು ಮರ್ಯಾದೆ ಕೊಡುತ್ತಿದ್ದಾರೆ ಅಕ್ಕಾ! ಹದಿನೆಂಟು ವರ್ಷ 'ಏನೇ', 'ಎಲ್ಹೋದ್ಯೇ' ಎನ್ನುತ್ತಿದ್ದ ಬಾಯಲ್ಲಿ ಈಗ 'ನೀವು', 'ಮೇಡಂ'. ಮಲಗುವುದು ಹೊರಗಿನ ಬೆಂಚಿನ ಮೇಲೆ. ಪರಹೆಂಗಸಿರುವ ಕೋಣೆಗೆ ಬರುವುದು ಹೇಗೆ ಎಂದು.

ಏನು ಮಾಡಲಿ? ಭಾವನಿಗೆ ಈಗಲೇ ಹೇಳಬೇಡ. ಉತ್ತರವನ್ನು ಲೈಬ್ರರಿಯ ವಿಳಾಸಕ್ಕೆ ಹಾಕು.

ಗುಬ್ಬಿ


ಫೆಬ್ರವರಿ ೧೪

ಗುಬ್ಬೀ,

ಊರಿಗೆಲ್ಲ ನಾನು ಸಿಸ್ಟರ್, ನಿನಗೊಬ್ಬಳಿಗೇ ಅಕ್ಕ. ಆದರೆ ಈ ಕಾಗದವನ್ನು ಸಿಸ್ಟರೇ ಬರೆದಿದ್ದಾಳೆ ಎಂದುಕೊಂಡು ಓದು.

ಇದು ಕಾಯಿಲೆ. ನಿನ್ನ ತಪ್ಪೂ ಅಲ್ಲ, ಅವರ ಹಟವೂ ಅಲ್ಲ. ಇಪ್ಪತ್ತೆರಡು ವರ್ಷ ಮಾನಸಿಕ ರೋಗಿಗಳ ಈ ವಾರ್ಡಿನಲ್ಲಿದ್ದೇನೆ. ಇಂಥವರನ್ನು ನಾಲ್ಕು ಜನರನ್ನಾದರೂ ನೋಡಿದ್ದೇನೆ. ಹೆಂಡತಿಯನ್ನು, ತಾಯಿಯನ್ನು ಬೇರೆ ಯಾರೋ ಎನ್ನುತ್ತಾರೆ. ಬೇರೆಯವರನ್ನೆಲ್ಲ ಗುರುತಿಸುತ್ತಾರೆ, ಹತ್ತಿರದವರನ್ನೇ ನಂಬುವುದಿಲ್ಲ. ಹಳೆಯ ಫೋಟೋ, ಗುರುತಿನ ಚೀಟಿ ತೋರಿಸಿ ರುಜುವಾತು ಮಾಡಲು ಹೋಗಬೇಡ. ಅದರಿಂದ ಅನುಮಾನ ಇನ್ನಷ್ಟು ಬಲಿಯುತ್ತದೆ. ನಿದ್ದೆಯ ನೆಪ ಮಾಡಿಯಾದರೂ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗು. ಈ ವಾರವೇ. ಮಾತ್ರೆ ಶುರುವಾಗಬೇಕು. ನಿಮ್ಮಲ್ಲಿ ಸಿಗದಿದ್ದರೆ ಹೆಸರು ಬರೆದು ಕಳಿಸು, ಇಲ್ಲಿಂದ ಪಾರ್ಸೆಲ್ ಹಾಕುತ್ತೇನೆ.

ಚಾಕು, ಕತ್ತರಿ ಕಣ್ಣಿಗೆ ಬೀಳದ ಕಡೆ ಇಡು. ಇದನ್ನು ಓದಿ ಹೆದರಬೇಡ, ಎಲ್ಲರಿಗೂ ಹೇಳುವ ಮಾತು.

ಭಾವನಿಗೆ ಹೇಳಿಲ್ಲ. ಹೇಳಿದರೂ ಪೇಪರ್ ಮಡಚುತ್ತಿರಲಿಲ್ಲ, ಬಿಡು.

ಅಕ್ಕ


ಮಾರ್ಚ್ ೨೦

ಅಕ್ಕಾ,

ತಡವಾಯಿತು. ದಿನಗಳು ಹೇಗೆ ಹೋದವೋ ಗೊತ್ತಿಲ್ಲ.

ಡಾಕ್ಟರ ಹತ್ತಿರ ಬಂದರು. "ನಿದ್ದೆ ಬರುತ್ತೆ, ತಲೆಯೊಳಗಿನ ಗದ್ದಲ ಇಳಿಯುತ್ತೆ" ಎಂದು ಡಾಕ್ಟರು ನೇರವಾಗಿ ಹೇಳಿದ್ದಕ್ಕೆ ಒಪ್ಪಿದರು. ಸಂಜೆ ಊಟವಾದ ಮೇಲೆ ಎರಡು ಮಾತ್ರೆ. ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ದಿನಕ್ಕೊಂದು ಗೂಡಿರುವ ಡಬ್ಬಿ ತಂದು, ಭಾನುವಾರ ತಾವೇ ಏಳು ಗೂಡನ್ನೂ ತುಂಬಿಸಿಕೊಳ್ಳುತ್ತಾರೆ. ಮಾತ್ರೆಯ ಹೆಸರು ಬರೆದು ಹಾಕಿದ ಕಾರ್ಡಿಗೆ ನೀನು ಕಳಿಸಿದ ಪಾರ್ಸೆಲ್ಲನ್ನು ಬಿಚ್ಚಿದ್ದೂ ಅವರೇ.

ಪ್ರತಿ ಬುಧವಾರ ಅದೇ ಆಸ್ಪತ್ರೆಯಲ್ಲಿ ಒಬ್ಬ ಆಪ್ತಸಲಹೆಗಾರ್ತಿಯನ್ನು ನೋಡಬೇಕು. ಇವರು ಅವರಿಬ್ಬರಿಗೂ ಹೆಸರಿಟ್ಟಿದ್ದಾರೆ: ಒಬ್ಬರು ಮಾತ್ರೆ ಡಾಕ್ಟರು, ಒಬ್ಬರು ಮಾತಿನ ಮೇಡಂ. ಎಷ್ಟೋ ದಿನದ ಮೇಲೆ ನಗು ಬಂತು. ಮೊದಲ ಎರಡು ಸಲ ಮೇಡಂ ಎದುರು ಬಾಯೇ ಬಿಡಲಿಲ್ಲ. ಮೂರನೇ ಸಲ ಆಕೆ ಕೇಳಿದರು: "ಇವರು ಬೇರೆಯವ್ರು ಅನ್ನೋದು ನಿಮಗೆ ನೂರಕ್ಕೆ ಎಷ್ಟು ಖಾತ್ರಿ?" ಇವರು, "ನೂರಕ್ಕೆ ನೂರು." ಆಕೆ ವಾದಿಸಲಿಲ್ಲ. ಬರೆದುಕೊಂಡರು ಅಷ್ಟೆ. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ನಾನೇ ಅವಳು ಅಂತ ವಾದ ಮಾಡ್ಬೇಡಿ. ಅವಳಲ್ಲ ಅಂತ ಒಪ್ಕೊಳ್ಳೋದೂ ಬೇಡ. ಅವ್ರಿಗೆ ಆಗ್ತಿರೋ ಭಯ ನಿಜ, ಅದರ ಬಗ್ಗೆ ಮಾತಾಡಿ. ಮಾತ್ರೆಯಿಂದ ಗದ್ದಲ ಕಡಿಮೆಯಾದ್ರೆ ನನ್ನ ಮಾತು ಕೇಳ್ಸುತ್ತೆ. ಮಾತು ಕೇಳ್ಸಿದ್ರೆ ಮಾತ್ರೆ ನಿಲ್ಲಿಸ್ದೆ ತಗೊತಾರೆ."

ಇನ್ನೊಂದು ವಿಷಯ. ಹೇಳಲೋ ಬೇಡವೋ ಎಂದುಕೊಂಡೇ ಬರೆಯುತ್ತಿದ್ದೇನೆ. ಹೋದ ಭಾನುವಾರ ಬೆಳಿಗ್ಗೆ ಫ್ಯಾನಿನ ಕಾಯಿಲ್ ಸುತ್ತುತ್ತಾ ಕೂತಿದ್ದರು. ತಲೆ ಎತ್ತದೆ, "ನಿಮಗೆ ಬೇಜಾರಿಲ್ಲ ಅಂದ್ರೆ ಒಂದು ಹೇಳ್ಲಾ?" ಎಂದರು. "ಅವಳು ತರಕಾರಿ ಹೆಚ್ಚುವಾಗ ಒಬ್ಳೇ ಮಾತಾಡ್ಕೊತಾಳೆ. ನಾನು ಈ ಕಡೆ ಕೂತು ಕೇಳಿಸ್ಕೊತಾ ಇರ್ತೀನಿ. ಅವಳಿಗೆ ಗೊತ್ತಿಲ್ಲ. ಅದು ಕಿವಿಗೆ ಬಿದ್ರೆ ಇವತ್ತಿಗೆ ಎಲ್ಲ ಸರಿಯಾಗಿದೆ ಅನ್ಸುತ್ತೆ."

ನಾನು ಹಾಗೆ ಮಾತಾಡಿಕೊಳ್ಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಒಳಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಗುಬ್ಬಿ


ಮಾರ್ಚ್ ೨೯

ಗುಬ್ಬೀ,

ನೀನು ಅತ್ತದ್ದು ಓದಿ ನನಗೂ ಸಂಕಟವಾಯಿತು. ಎದುರಿಗೇ ಇರುವವಳನ್ನು 'ಅವಳು' ಎಂದು ಬೇರೆ ಮಾಡಿ ಮಾತಾಡಿದರೆ ಯಾವ ಹೆಂಗಸು ತಡೆದುಕೊಂಡಾಳು? ಅದಕ್ಕೆಲ್ಲ ಕಿವಿ ಕೊಡಬೇಡ. ಕಾಯಿಲೆ ಮಾತಾಡುತ್ತಿದೆ ಎಂದುಕೋ, ಎದ್ದು ಬೇರೆ ಕೆಲಸ ನೋಡಿಕೋ.

ಮಾತಿನ ಮೇಡಂ ಇರಲಿ, ಬೇಡವೆನ್ನುವುದಿಲ್ಲ. ಆದರೆ ಬುಡ ಮಾತ್ರೆ. ಎರಡೆಂದರೆ ಎರಡು. ಇಪ್ಪತ್ತೆಂಟು ದಿನಕ್ಕಾಗುವಷ್ಟು ಮತ್ತೆ ಕಳಿಸಿದ್ದೇನೆ.

ನೀನು ಊಟ ಮಾಡುತ್ತಿದ್ದೀಯಾ? ಅದನ್ನೊಂದು ಬರೆಯುವುದೇ ಇಲ್ಲ.

ಅಕ್ಕ


ಮೇ ೬

ಅಕ್ಕಾ,

ಒಳ್ಳೆಯ ಸುದ್ದಿ. ನೂರು ಈಗ ಅರವತ್ತಕ್ಕೆ ಇಳಿದಿದೆ. ಅಂದರೆ ನೂರಕ್ಕೆ ನಲವತ್ತು ನಾನು ಅವರ ಹೆಂಡತಿ! ನಮ್ಮ ಕಾಲೇಜಿನಲ್ಲಿ ನಲವತ್ತು ಬಂದವರನ್ನು ಪಾಸು ಎನ್ನುತ್ತಾರೆ.

ಮಾತಿನ ಮೇಡಂ ಒಂದು ಅಭ್ಯಾಸ ಕೊಟ್ಟಿದ್ದಾರೆ. ಇವಳು ಬೇರೆ ಎನ್ನಿಸಿದ ಗಳಿಗೆಯನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆಯಬೇಕು, ಎದುರಿಗೆ ಬೇರೆ ಏನು ಕಾರಣವಿರಬಹುದು ಎಂದೂ ಬರೆಯಬೇಕು. ಒಂದು ದಿನ ತೆರೆದೇ ಇಟ್ಟಿದ್ದರು. 'ನಕ್ಕಿದ್ದು ಬೇರೆ ಥರ ಇತ್ತು' ಎಂದು ಈ ಕಡೆ. ಆ ಕಡೆ, 'ಹಲ್ಲುನೋವು ಇರಬಹುದು.' ನನಗೆ ನಿಜಕ್ಕೂ ಹಲ್ಲುನೋವಿತ್ತು ಅಕ್ಕಾ.

ಅರ್ಧ ದಿನ ಅಂಗಡಿಗೆ ಹೋಗುತ್ತಾರೆ. ಡಬ್ಬಿಯನ್ನು ಈಗ ನನ್ನ ಕೈಗೇ ಕೊಟ್ಟಿದ್ದಾರೆ. "ನೀವೇ ತುಂಬ್ಸಿ. ನೀವು ಯಾರಾದ್ರೂ ಆಗಿರಿ, ಮೋಸ ಮಾಡೋರಲ್ಲ" ಎಂದರು. ಮೊನ್ನೆ ಇದ್ದಕ್ಕಿದ್ದಂತೆ, "ಏನೇ, ಟವೆಲ್ ಎಲ್ಲಿಟ್ಟೆ?" ಎಂದು ಕೇಳಿ, ತಾವೇ ಗಾಬರಿಯಾಗಿ ನಿಂತರು.

ಮಾತು ಕಡಿಮೆಯಾಗಿದೆ. ಮೊದಲಿನಂತೆಯೇ 'ಹ್ಞೂಂ', 'ಆಯ್ತು'. ಭಾನುವಾರ ಪಕ್ಕದಲ್ಲಿ ಹೋಗಿ ಕೂತು, "ಅವಳ ಬಗ್ಗೆ ಏನಾದ್ರೂ ಹೇಳಿ" ಎಂದೆ. ನಾಚಿಕೊಂಡವರಂತೆ ಮುಖ ತಿರುಗಿಸಿದರು. ಗುಣವಾಗುತ್ತಿರುವ ಲಕ್ಷಣ ಎಂದರು ಮೇಡಂ.

ಎಲ್ಲ ಚೆನ್ನಾಗಿದೆ.

ಗುಬ್ಬಿ


ಮೇ ೧೫

ಗುಬ್ಬೀ,

ಕಾಗದವನ್ನು ವಾರ್ಡಿನಲ್ಲೇ ನಿಂತು ಓದಿದೆ. ಒಳ್ಳೆಯ ಸುದ್ದಿ ಬಹಳ ಅಪರೂಪ ಇಲ್ಲಿ. ಹೀಗೇ ಆರೇಳು ತಿಂಗಳು ಎಳೆದರೆ ಸಾಕು. ಏಪ್ರಿಲಿನಂತೆಯೇ ಮುಂದಿನ ಪಾರ್ಸೆಲ್ಲನ್ನೂ ತಿಂಗಳ ಕೊನೆಗೆ ಹಾಕುತ್ತೇನೆ, ಇಪ್ಪತ್ತೆಂಟು ದಿನದ್ದು.

ಬರೆದಿರುವುದೆಲ್ಲ ಸಂತೋಷದ್ದೇ, ಆದರೂ ಯಾಕೋ ಸಪ್ಪೆಯಾಗಿದೆ. ಹಲ್ಲು ತೋರಿಸಿಕೊಂಡೆಯಾ?

ಅಕ್ಕ


ಜುಲೈ ೩

ಅಕ್ಕಾ,

ಇವರು ಮತ್ತೆ ಮಾತಾಡುತ್ತಿದ್ದಾರೆ! ಎಷ್ಟು ಮಾತು! ದಿನಾ ಸಂಜೆ ಅಂಗಡಿಯಿಂದ ಬಂದವರೇ ಟೀ ಹಿಡಿದು ಕೂರುತ್ತಾರೆ. ನಾನು ಮೊದಲ ಸಲ ಲೈಬ್ರರಿಗೆ ಕೆಲಸಕ್ಕೆ ಹೋದ ದಿನ, ಎದುರಿನ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿಕೊಂಡು ನಾನು ಒಳಗೆ ಹೋಗುವವರೆಗೆ ನೋಡಿದ್ದರಂತೆ. ನನ್ನ ಕೈಬರಹದ ಸಾಮಾನಿನ ಚೀಟಿಗಳನ್ನು ಅಂಗಡಿಯ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರಂತೆ. ಹೋಗಿ ನೋಡಿದೆ. ಇವೆ.

ಮಗುವಿನ ವಿಷಯವೂ ಬಂತು. ನಿನಗೆ ನೆನಪಿರಬೇಕು, ಹನ್ನೆರಡು ವರ್ಷದ ಹಿಂದೆ, ಹೊಟ್ಟೆಯಲ್ಲೇ, ಆರು ತಿಂಗಳಿಗೇ ಹೋಯಿತಲ್ಲ. ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದೆ, ಇವರು ಆ ಮಧ್ಯಾಹ್ನವೇ ಎದ್ದು ಅಂಗಡಿಗೆ ಹೋದರು. ಆ ಒಂದು ಮಧ್ಯಾಹ್ನವನ್ನು ನಾನು ಎಂದೂ ಕ್ಷಮಿಸಿರಲಿಲ್ಲ. ಜಗಳವಾಡಲಿಲ್ಲ, ಕ್ಷಮಿಸಲೂ ಇಲ್ಲ.

ಈ ಮಂಗಳವಾರ ಹೇಳಿದರು: "ಅವತ್ತು ಶಟರ್ ಎಳ್ಕೊಂಡು ಒಂದು ದೊಡ್ಡ ಮೋಟರ್ ಹಚ್ಬಿಟ್ಟೆ. ಅತ್ರೆ ಪಕ್ಕದಂಗಡಿಗೆ ಕೇಳಿಸ್ಬಾರ್ದಲ್ಲ. ಎಷ್ಟೊತ್ತು ಅತ್ತೆನೋ, ಮೋಟರ್ ಕಾದು ಕಾದು ಸುಟ್ಟೇ ಹೋಯ್ತು."

"ಅವಳಿಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಅವಳಿಗೆ ಹೇಗೆ ಹೇಳೋದು ಮೇಡಂ? ಅವಳ ಮುಂದೆ ನಾನು ಗಟ್ಟಿಯಾಗಿರ್ಬೇಕಲ್ಲ. ನಿಮಗಾದ್ರೆ ಹೇಳ್ಬೋದು."

ಅದಾದ ಮೇಲೂ ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದೆ ಅಕ್ಕಾ. ಬೇರೆ ಯಾರೋ ಆದ ಮೇಲೆ ಗೊತ್ತಾಯಿತು.

ಮಾತಿನ ಮೇಡಂ ಲೆಕ್ಕದಲ್ಲಿ ಅರವತ್ತು ಮತ್ತೆ ಎಪ್ಪತ್ತಾಗಿದೆಯಂತೆ. ಹೆಚ್ಚು ಕಡಿಮೆ ಆಗುತ್ತಿರುತ್ತದೆ, ಅಲ್ಲವಾ? ಮಾತ್ರೆ ಸದ್ಯಕ್ಕೆ ಕಳಿಸಬೇಡ, ಇನ್ನೂ ಎರಡು ವಾರಕ್ಕೆ ಆಗುವಷ್ಟಿದೆ.

ಗುಬ್ಬಿ


ಜುಲೈ ೮

ಗುಬ್ಬೀ,

ಓದಿದೆ. ಮತ್ತೆ ಓದಿದೆ. ಮೋಟರಿನ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ.

ಇನ್ನೇನು ಹೇಳಿದರು? ಬೇಗ ಬರಿ. ಪಾರ್ಸೆಲ್ ಬೇಡವೆಂದರೆ ಬೇಡ.

ಅಕ್ಕ


ಜುಲೈ ೨೮

ಅಕ್ಕಾ,

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೇನೆ.

ಇಪ್ಪತ್ತೊಂದರಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದೆ. ಇವರೂ ಬಂದರು. ಸಾಮಾನಿನ ಕೋಣೆಯಿಂದ ಏನೋ ತೆಗೆದುಕೊಡಿ ಎಂದರು. ಒಳಗೆ ಹೋದೆ, ಹೊರಗಿನಿಂದ ಚಿಲಕ ಬಿತ್ತು. ಒಳಗೆ ಆಗಲೇ ಒಂದು ಕುರ್ಚಿ ಹಾಕಿದ್ದರು, ಪಕ್ಕದಲ್ಲಿ ಎರಡು ಬಾಟಲಿ ನೀರು.

ಬಾಗಿಲ ಆಚೆಯಿಂದ ಹೇಳಿದರು: "ಕ್ಷಮ್ಸಿ ಮೇಡಂ. ನೀವು ಒಳ್ಳೇವ್ರು. ನಿಮ್ಹತ್ರ ಹೇಳ್ತಾ ಹೇಳ್ತಾ ನಂಗೆ ಗೊತ್ತಾಯ್ತು, ಇದನ್ನೆಲ್ಲ ನಾನು ಅವಳಿಗೇ ಹೇಳ್ಬೇಕು. ಹುಡ್ಕೊಂಡು ಕರ್ಕೊಂಬರ್ತೀನಿ. ಅವಳು ಬಂದ ತಕ್ಷಣ ನಿಮ್ಮನ್ನ ಬಿಟ್ಬಿಡ್ತೀನಿ."

"ನಾನೇ ಅವಳು! ನಾನೇ ಕಣ್ರೀ!" ಎಂದು ಬಾಗಿಲು ಬಡಿದೆ. ಹೆಜ್ಜೆ ಸದ್ದು ದೂರವಾಯಿತು. ಸಂಜೆ ಕೆಳಗಿನ ಮನೆಯವರಿಗೆ ಕೇಳಿಸಿ ಬಂದು ತೆಗೆದರು.

ನಾಲ್ಕು ದಿನ ಸುಳಿವಿಲ್ಲ. ಐದನೆಯ ದಿನ ಬೇರೆ ಊರಿನ ಬಸ್ ಡಿಪೋದಿಂದ ಪೊಲೀಸರು ಫೋನ್ ಮಾಡಿದರು. ಜೇಬಿನಲ್ಲಿ ನನ್ನ ಫೋಟೋ ಇತ್ತಂತೆ, ಸಿಕ್ಕಿದವರಿಗೆಲ್ಲ ತೋರಿಸಿ ಕೇಳಿದ್ದಾರೆ. ಹೈವೇ ಪಕ್ಕದಲ್ಲಿ ನಡೆದೇ ಹೋಗಿದ್ದಾರೆ. ಎಡಗಾಲಿಗೆ ತಗಡು ಹೊಕ್ಕು ಕೀವಾಗಿತ್ತು. ನಿನ್ನೆ ಎರಡು ಬೆರಳು ತೆಗೆದರು.

ಮಾತ್ರೆ ಯಾಕೆ ಹೀಗೆ ಕೈಕೊಟ್ಟಿತು, ಸರಿಯಾಗಿ ತಗೊತಿದ್ರಾ ಎಂದು ಡಾಕ್ಟರು ಕೇಳಿದರು. ದಿನಾ ಎರಡು ಎಂದೆ. ಹಾಗಾದರೆ ಈ ಮಾತ್ರೆ ಇವರಿಗೆ ನಾಟುತ್ತಿಲ್ಲ ಎಂದು ಬೇರೆ, ಜೋರಾದದ್ದು ಶುರು ಮಾಡಿದ್ದಾರೆ.

ಗುಬ್ಬಿ


ಆಗಸ್ಟ್ ೧

ಗುಬ್ಬೀ,

ರಜೆ ಕೇಳಿದ್ದೇನೆ, ವಾರ್ಡಿನಲ್ಲಿ ಜನವಿಲ್ಲವೆಂದು ಕೊಡುತ್ತಿಲ್ಲ. ಫೋನಿನಲ್ಲಿ ಇದನ್ನು ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಕಾಗದ.

ಡಾಕ್ಟರಿಗೆ ನಿಜ ಹೇಳು. ಈ ಕಾಗದ ಮಡಚುವ ಮೊದಲೇ ಎದ್ದು ಹೋಗಿ ಹೇಳು. ಕೊಡದೇ ಇದ್ದ ಮಾತ್ರೆಯನ್ನು ಕೆಲಸ ಮಾಡದ ಮಾತ್ರೆ ಎಂದುಕೊಂಡು ಅವರು ಮುಂದಿನದನ್ನೆಲ್ಲ ತೀರ್ಮಾನಿಸುತ್ತಿದ್ದಾರೆ. ಅದರ ಪೆಟ್ಟು ಬೀಳುವುದು ನಿನ್ನ ಗಂಡನ ಮೈಮೇಲೆ.

ನನಗೆ ಹೇಗೆ ಗೊತ್ತು ಎನ್ನುತ್ತೀಯ. ಜೂನ್ ಎರಡಕ್ಕೆ ತಲುಪಿದ ಪಾರ್ಸೆಲ್ ತಿಂಗಳ ಕೊನೆಗೆ ಮುಗಿಯಬೇಕಿತ್ತು. ಇನ್ನೂ ಎರಡು ವಾರಕ್ಕಿದೆ ಎಂದು ನೀನೇ ಬರೆದೆ. ಹಳೆಯದು ಉಳಿದಿರಬಹುದು ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಂಡೆ. ಉಳಿಯುವ ಹಾಗೆ ನಾನು ಎಂದೂ ಕಳಿಸಿರಲಿಲ್ಲ. ಅಂದರೆ ಜುಲೈ ಎಂಟಕ್ಕೇ ನನಗೆ ಗೊತ್ತಿತ್ತು. ಗೊತ್ತಿದ್ದೂ 'ಇನ್ನೇನು ಹೇಳಿದರು' ಎಂದು ಬರೆದೆ.

ಯಾಕೆ? ನಿನ್ನ ಮುಖ ಸಣ್ಣದಾಗುವುದನ್ನು ನೋಡಲಾರೆ ಎಂದೇ? ಅದೊಂದೇ ಆಗಿದ್ದರೆ ಪರವಾಗಿರಲಿಲ್ಲ. ನಿಮ್ಮ ಭಾವ ಮೂವತ್ತು ವರ್ಷದಲ್ಲಿ ನನ್ನ ಬಗ್ಗೆ ಯಾರ ಹತ್ತಿರವಾದರೂ ಒಂದು ಮಾತಾಡಿದ್ದಾರೋ ಇಲ್ಲವೋ. ನಿನ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓದುತ್ತಿದ್ದೆ. ಮುಂದಿನದು ಬರಲಿ ಎಂದು ಕಾಯುತ್ತಿದ್ದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳು, ನಾನು.

ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ಹೋಗು, ಹೇಳು.

ಅಕ್ಕ


ಸೆಪ್ಟೆಂಬರ್ ೧೮

ಅಕ್ಕಾ,

ನಿನ್ನ ಕಾಗದ ತಲುಪಿದ ದಿನವೇ ಹೋಗಿ ಹೇಳಬೇಕಿತ್ತು. ಇಪ್ಪತ್ತು ದಿನ ಹೇಳಲಿಲ್ಲ. ಹೊಸ ಮಾತ್ರೆಗೆ ಇವರ ಕೈ ನಡುಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಕುತ್ತಿಗೆ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. ದಿನಾ ಒರೆಸುತ್ತಾ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ಹೇಗೆ ಮಾಡಿದೆ ಎಂದು ನಿನಗೂ ತಿಳಿಯಲಿ. ಎರಡರಲ್ಲಿ ಒಂದನ್ನು ತೆಗೆದು, ಅದರಂತೆಯೇ ಬಿಳಿಯ, ದುಂಡಗಿನ ವಿಟಮಿನ್ ಮಾತ್ರೆ ಇಡುತ್ತಿದ್ದೆ. ಪೂರ್ತಿ ನಿಲ್ಲಿಸಿಲ್ಲವಲ್ಲ, ಒಂದು ತಿಂಗಳು ಮಾತ್ರ, ಇವರು ಎಲ್ಲ ಹೇಳಿ ಮುಗಿಸಲಿ, ಆಮೇಲೆ ಎರಡೂ ಕೊಟ್ಟು ಗುಣ ಮಾಡಿಕೊಳ್ಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿ ನನ್ನ ಕೈಗೆ ಕೊಟ್ಟವರು ಒಂದು ದಿನವೂ ತಿರುಗಿ ನೋಡಲಿಲ್ಲ.

ಡಾಕ್ಟರು ಬೈಯಲಿಲ್ಲ. ಕೇಸ್ ಪೇಪರಿನಲ್ಲಿ ಒಂದು ಸಾಲು ಹೊಡೆದುಹಾಕಿ ಮತ್ತೆ ಬರೆದರು. ಹಳೆಯ ಮಾತ್ರೆಗೇ ವಾಪಸು ಬಂದಿದ್ದಾರೆ. ಮೊದಲಿನಷ್ಟು ಬೇಗ ಹಿಡಿಯುತ್ತದೆ ಎಂದು ಹೇಳಲಾರೆ, ಎರಡನೇ ಸಲ ಬಿದ್ದವರು ಏಳುವುದು ನಿಧಾನ ಎಂದರು. ಎಷ್ಟು ನಿಧಾನ ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

ಮಾತಿನ ಮೇಡಂ ಎದುರು ಹೇಳುವುದು ಇನ್ನೂ ಕಷ್ಟವಾಯಿತು. ಆಕೆ ಕೇಳಿದ್ದು ಒಂದೇ: "ಇಷ್ಟು ದಿನ ನಿಮಗೆ ಮಾತಾಡೋಕೆ ಯಾರಿದ್ರು?" ಅಕ್ಕ ಎಂದೆ. ಇನ್ನು ಮುಂದೆ ಬುಧವಾರ ನನಗೂ ಅರ್ಧ ಗಂಟೆ ಕೊಡುತ್ತಾರಂತೆ. ಮೊದಲೇ ಕೊಡಬೇಕಿತ್ತು, ನನ್ನ ತಪ್ಪು ಎಂದರು. ತಪ್ಪು ಹಂಚಿಕೊಳ್ಳಲು ಎಷ್ಟು ಜನ ಮುಂದೆ ಬರುತ್ತಿದ್ದೀರಿ. ಬೆರಳು ಹೋಗಿದ್ದು ಇವರೊಬ್ಬರದು.

ಇವರು ಕಿಟಕಿಯ ಹತ್ತಿರ ಕೂತಿರುತ್ತಾರೆ. ತಂತಿ ಸುತ್ತಲು ಕೊಟ್ಟರೆ ಎರಡು ಸುತ್ತು ಹಾಕಿ ಮರೆಯುತ್ತಾರೆ. ನೂರಕ್ಕೆ ಎಷ್ಟು ಎಂದು ಮೇಡಂ ಕೇಳಿದರೆ ಉತ್ತರವಿಲ್ಲ. ನನಗೂ ಏನೂ ಹೇಳುವುದಿಲ್ಲ. ಹೆಂಡತಿಯೂ ಆಗಿಲ್ಲ, ಬದಲಿಗೆ ಬಂದವಳೂ ಅಲ್ಲ. ಊಟ ತಂದುಕೊಡುವ ಯಾರೋ ಒಬ್ಬಳು.

ಇವತ್ತು ಬೆಳಿಗ್ಗೆ ಕಾಲಿನ ಪಟ್ಟಿ ಬದಲಾಯಿಸುತ್ತಾ ನೆಲದ ಮೇಲೆ ಕೂತಿದ್ದೆ. ಯಾಕೆ ಆಗಲೇ ಬಾಯಿ ಬಂತೋ, ಎಲ್ಲ ಹೇಳಿದೆ. ಡಬ್ಬಿಯಲ್ಲಿ ಬದಲಿ ಮಾತ್ರೆ ಇಟ್ಟದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು. "ನಿಮ್ಮ ಮಾತು ಕೇಳ್ಬೇಕು ಅಂತ ಆಸೆಯಾಗಿ ಹಾಗೆ ಮಾಡ್ದೆ. ಈ ಕಾಲು ಹೀಗಾಗಿದ್ದು ನನ್ನಿಂದ" ಎಂದೆ.

ಪಟ್ಟಿಯ ಕೊನೆಯ ಗಂಟು ಹಾಕಿದೆ. ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಆಮೇಲೆ ಬಗ್ಗಿ, ಯಾರಿಗೂ ಕೇಳಿಸಬಾರದು ಎಂಬಂತೆ ಮೆಲ್ಲಗೆ, "ಹೇಳಿದ್ದು ಒಳ್ಳೇದಾಯ್ತು" ಎಂದರು. ಏಳು ವಾರಗಳಲ್ಲಿ ಅದೇ ಮೊದಲ ಪೂರ್ತಿ ಮಾತು. "ಆದ್ರೆ ಇದನ್ನ ಅವಳಿಗೆ ಹೇಳ್ಬೇಡಿ. ತುಂಬಾ ನೊಂದ್ಕೊತಾಳೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಅಕ್ಕಾ.

ಗುಬ್ಬಿ